ಶಾಂತಾಬಾಯಿ ಅಕ್ಕೋರ ಜೋಡಿ ಡಿಸ್ಕು

ಅಂಗಡಿಯವರಿಗೆ ನನ್ನಂಥ ಗಿರಾಕಿ ಬೇಡ. ಯಾವ ವಸ್ತು ಕೈಗೆ ಬಂದರೂ ನಾನು ಮೊದಲು ಹಿಂದೆ ತಿರುಗಿಸಿ ನೋಡುತ್ತೇನೆ. ಸೀರೆಯಾದರೆ ಸೆರಗಿನ ಒಳಮೈ, ಕುರ್ಚಿಯಾದರೆ ಅದರ ತಳ, ಗೋಡೆ ಗಡಿಯಾರವಾದರೆ ಅದರ ಬೆನ್ನು. ಮೊನ್ನೆ ಹುಬ್ಬಳ್ಳಿಯ ಸೀರೆ ಅಂಗಡಿಯೊಂದರಲ್ಲಿ ಹನ್ನೊಂದನೆಯ ಸೀರೆಯನ್ನೂ ತಿರುವಿ ಹಾಕಿದಾಗ ಗಾದಿಯ ಮೇಲೆ ಕೂತಿದ್ದ ಆ ಪುಣ್ಯಾತ್ಮ ಎರಡೂ ಕೈ ಮುಗಿದ. "ಅಕ್ಕಾರ, ಮಂದಿ ನೋಡೂದು ಹೊರಗಿಂದ ರೀ. ಒಳಗಿಂದು ಯಾರ ನೋಡತಾರ?" ಎಂದ. ಪಕ್ಕದಲ್ಲಿ ಆಕಳಿಸುತ್ತ ಕೂತಿದ್ದ ನನ್ನ ಯಜಮಾನರು ಇಂಥ ಅವಕಾಶ ಸಿಕ್ಕರೆ ಬಿಡುವವರಲ್ಲ. "ನೀವು ಪಾರಾದ್ರಿ ಬಿಡ್ರಿ. ನಾ ಕನ್ಯಾ ನೋಡಾಕ ಹೋದಾಗ ಈಕಿ ನಾ ಎದ್ದು ಹೊಂಡೂತನಕಾ ಕಾದು ನನ್ನ ಬೆನ್ನ ನೋಡ್ಯಾಳ" ಎಂದರು. ಸುಳ್ಳಲ್ಲ. ಅವತ್ತು ಅವರ ಅಂಗಿಗೆ ಮುಂದಿನ ಕಡೆ ಮಾತ್ರ ಇಸ್ತ್ರಿಯಾಗಿತ್ತು ಎಂಬುದು ನನಗೆ ಇನ್ನೂ ನೆನಪಿದೆ.

ಈ ಚಟ ನಾನು ತಾಯಿಯ ಹೊಟ್ಟೆಯಿಂದ ತಂದದ್ದಲ್ಲ. ಇದನ್ನು ಅಂಟಿಸಿದವರು ನಮ್ಮ ಶಾಂತಾಬಾಯಿ ಅಕ್ಕೋರು. ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಅಕ್ಕೋರು ಎನ್ನುತ್ತೇವೆ. ಇವರು ಕಲಿಸುತ್ತಿದ್ದದ್ದು ಹೊಲಿಗೆ, ಅದರಲ್ಲೂ ಕಸೂತಿ. ವಾರಕ್ಕೆ ಎರಡು ಪಿರಿಯಡ್ಡು. ಉಳಿದ ಹುಡುಗಿಯರಿಗೆ ಅದು ಹರಟೆಯ ಹೊತ್ತು. ನನಗೆ ಮಾತ್ರ ಜ್ವರ ಬರುವ ಹೊತ್ತು.

ಕಸೂತಿಯಲ್ಲಿ ಗವಂತಿ ಎಂದೊಂದು ಹೊಲಿಗೆ ಇದೆ. ಸೂಜಿ ಒಂದಿಷ್ಟು ಎಳೆ ಹಿಡಿದು, ಒಂದಿಷ್ಟು ಎಳೆ ಬಿಟ್ಟು ಮುಂದೆ ಹೋಗುತ್ತದೆ. ಮರಳಿ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮೈ ಒಂದೇ. ಮುಂದೆ ನವಿಲಿದ್ದರೆ ಹಿಂದೆಯೂ ನವಿಲು. ದಾರಕ್ಕೆ ಗಂಟು ಹಾಕುವಂತಿಲ್ಲ, ಹಾಕಿದರೆ ಹಿಂದೆ ಕಾಣುತ್ತದೆ. ಗಂಟಿಲ್ಲದೆ ಶುರು ಮಾಡುವುದು ನನಗೆ ಏನು ಮಾಡಿದರೂ ಒಗ್ಗಲಿಲ್ಲ. ಅಕ್ಕೋರು ನಮ್ಮ ಕೆಲಸದ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆ ಕೈಗೆ ಬಂದೊಡನೆ ತಿರುವಿ ಹಿಂಭಾಗದ ಮೇಲೆ ಬೆರಳಾಡಿಸುತ್ತಿದ್ದರು. ಆಮೇಲೆ ಕತ್ತರಿ ಮುಂದೆ ಸರಿಸಿ, "ಬಿಚ್ಚು" ಎನ್ನುತ್ತಿದ್ದರು. ಬೈಗುಳವಿಲ್ಲ, ಏಟಿಲ್ಲ. ಆ ಒಂದು ಮಾತಿಗೆ ನಾನು ಹೆದರುತ್ತಿದ್ದಷ್ಟು ಗಣಿತದ ಮಾಸ್ತರರ ಬೆತ್ತಕ್ಕೂ ಹೆದರುತ್ತಿರಲಿಲ್ಲ.

ಒಮ್ಮೆ ಶಾಲೆಯಲ್ಲಿ ನಮ್ಮ ಕೈಕೆಲಸದ ಪ್ರದರ್ಶನವಿತ್ತು. ನನ್ನ ಪಾಲಿಗೆ ಕರವಸ್ತ್ರದ ಮೇಲೆ ನವಿಲು ಬಂತು. ಉಪ್ಪಿನಬೆಟಗೇರಿಯಿಂದ ಬಂದಿದ್ದ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಅದನ್ನು ನೋಡಿ, "ಕೋಳಿ ಛಲೋ ಬಂದೈತಿ" ಎಂದು ಹೊಗಳಿದಳು. ಕೋಳಿಯ ಚಿಂತೆ ನನಗಿರಲಿಲ್ಲ. ಚಿಂತೆ ಹಿಂಭಾಗದ್ದು. ಹಾಗಾಗಿ ಅವ್ವನ ಹಳೆಯ ಕುಪ್ಪಸದ ಖಣದ ತುಂಡೊಂದನ್ನು ಕತ್ತರಿಸಿ, ಕರವಸ್ತ್ರದ ಬೆನ್ನಿಗೆ ಹಾಕಿ, ಸುತ್ತಲೂ ನೀಟಾಗಿ ಹೊಲಿದುಬಿಟ್ಟೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿ ಅದನ್ನು ಅಕ್ಕೋರ ಮುಂದೆ ಹಿಡಿದೆ. ಅವರು ಎಂದಿನಂತೆ ತಿರುವಿದರು. ಖಣದ ಮೇಲೆ ಬೆರಳಾಡಿಸಿದರು.

"ಸುಮಾ, ಕರವಸ್ತ್ರಕ್ಕ ಅಸ್ತರ ಯಾಕವಾ?"

ಇಡೀ ಕ್ಲಾಸು ನಕ್ಕಿತು. ಅಕ್ಕೋರು ಮಾತ್ರ ನಗಲಿಲ್ಲ. ಕತ್ತರಿಯ ತುದಿಯಿಂದ ಅಸ್ತರ ಬಿಚ್ಚಿ, ಕೆಳಗಿದ್ದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಹದಿನೇಳು. "ಇಷ್ಟ ಗಂಟಿನ ನವಲ ಕುಣೀತೈತೇನು?" ಎಂದು ಕೇಳಿ ಕತ್ತರಿಯನ್ನು ನನ್ನ ಕಡೆ ಸರಿಸಿದರು. ಪ್ರದರ್ಶನದಲ್ಲಿ ನನ್ನದು ಇರಲಿಲ್ಲ.

ಕಸೂತಿಗೂ ನನಗೂ ಆಗಿಬರದು ಎಂದು ಅಲ್ಲಿಗೆ ಖಾತ್ರಿಯಾಯಿತು. ನಮ್ಮಪ್ಪ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದರು. ಸ್ಕ್ರೂಡ್ರೈವರು, ಸ್ಪ್ಯಾನರು ನಮ್ಮ ಮನೆಯಲ್ಲಿ ಸೌಟಿನ ಹಾಗೆ ಸಿಕ್ಕಸಿಕ್ಕಲ್ಲಿ ಬಿದ್ದಿರುತ್ತಿದ್ದವು. ಸೂಜಿಗಿಂತ ಅವೇ ನನಗೆ ಹತ್ತಿರವಾದವು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರ ತುಂಬ ಕಂಪ್ಯೂಟರ್ ಕ್ಲಾಸುಗಳು ಹುಟ್ಟಿಕೊಂಡವಲ್ಲ, ಆಗ ನಾನೂ ಹುಬ್ಬಳ್ಳಿಯ ಒಂದು ಕ್ಲಾಸಿಗೆ ಸೇರಿದೆ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಒಳಗೆ ನಾಲ್ಕು ಕಂಪ್ಯೂಟರು, ಒಂದು ಏಸಿ. ಏಸಿ ಇರುವುದು ನಮಗಲ್ಲ, ಕಂಪ್ಯೂಟರಿಗೆ ಎಂದು ಮೊದಲ ದಿನವೇ ತಿಳಿಸಿ ಹೇಳಿದರು. ಕಲಿತ ಮೇಲೆ ಅಲ್ಲೇ ಕಲಿಸುವ ಕೆಲಸ ಸಿಕ್ಕಿತು. ದಿನಾ ಧಾರವಾಡದಿಂದ ಬಸ್ಸು, ನವಲೂರಿನಲ್ಲಿ ಕಿಟಕಿಗೆ ಬರುವ ಪೇರಲದ ಬುಟ್ಟಿ, ಇಳಿಯುವ ಮೊದಲು ಬೀಜ ಉಗುಳಿ ಬಾಯಿ ಒರೆಸಿಕೊಂಡು ಮೇಡಮ್ಮಾಗುವುದು. ನನಗಿಂತ ದೊಡ್ಡವರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ನನಗೆ ತಲೆ ಸ್ವಲ್ಪ ತಿರುಗಿತ್ತೆಂದರೆ ನೀವು ಕ್ಷಮಿಸಬೇಕು.

ಎರಡು ಸಾವಿರ ಇಸವಿ ದಾಟಿತ್ತು. ಒಂದು ಮಧ್ಯಾಹ್ನ ಕ್ಲಾಸಿನ ಬಾಗಿಲಲ್ಲಿ ಬಿಳಿಗೂದಲಿನ ಹೆಂಗಸೊಬ್ಬರು ಒಂದು ಕೈಯಿಂದ ಚೌಕಟ್ಟು ಹಿಡಿದು ಚಪ್ಪಲಿ ಬಿಡುತ್ತ ನಿಂತಿದ್ದರು. ಹೆಗಲಿಗೆ ಬಟ್ಟೆಯ ಚೀಲ. ಗುರುತು ಹತ್ತುವ ಮೊದಲೇ ನಾನು ಎದ್ದು ನಿಂತಿದ್ದೆ.

"ಸುಮಾ ಅಂದ್ರ ನೀನಽ ಏನು? ಗಂಟಿನ ಸುಮಾ?"

"ಹೌದ್ರಿ ಅಕ್ಕೋರ."

"ಈಗ ಏನ ಕಲಸ್ತಿ?"

"ಕಂಪ್ಯೂಟರ್ ರೀ."

"ಅದರಾಗೂ ಗಂಟ ಹಾಕತಿಯೇನ?"

ಹದಿನೈದು ಮಂದಿ ವಿದ್ಯಾರ್ಥಿಗಳ ಮುಂದೆ ನನ್ನ ಮೇಡಂತನ ಅಲ್ಲಿಗೆ ಮುಗಿಯಿತು. ಅಕ್ಕೋರು ಕುರ್ಚಿ ಎಳೆದು ಕೂತು ಚೀಲದಿಂದ ಚೌಕಳಿ ಹಾಳೆಯ ನೋಟ್‌ಬುಕ್ಕುಗಳನ್ನು ತೆಗೆದಿಟ್ಟರು. ಕೆಲಸದಿಂದ ನಿವೃತ್ತರಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದರಂತೆ. ನೋಟ್‌ಬುಕ್ಕಿನಲ್ಲಿ ಇದ್ದದ್ದು ಅರ್ಧ ಮಾತ್ರ. ಉಳಿದ ಚಿತ್ತಾರವೆಲ್ಲ ಅವರ ತಲೆಯಲ್ಲಿ.

"ಕಣ್ಣಿನ ನರಾ ಒಣಗಾಕತ್ತಾವಂತ" ಎಂದರು, ನೆಗಡಿಯಾಗಿದೆ ಎನ್ನುವಷ್ಟೇ ಸಹಜವಾಗಿ. "ಹೋದದ್ದು ಬರೂದಿಲ್ಲ, ಇದ್ದದ್ದನ್ನ ಒಂದೀಟ ದಿನಾ ಹಿಡದ ಇಡೋಣು ಅಂದಾರ ಡಾಕ್ಟರು. ಕಣ್ಣ ಹೋಗೂದರಾಗ ತಲ್ಯಾಗಿಂದು ಎಲ್ಲಾ ಇಳಿಸಿ ಇಡಬೇಕು. ಹಾಳಿ ಮ್ಯಾಲಿನ ಚೌಕ ನನಗ ಈಗ ಕಾಣವಲ್ವು. ಕಂಪ್ಯೂಟರಿನ್ಯಾಗ ಚೌಕಾ ಬೇಕಾದಷ್ಟ ದೊಡ್ಡೂ ಮಾಡಾಕ ಬರತೈತಂತಲ್ಲ, ಖರೇ ಏನು?"

ಖರೆ ಎಂದೆ. ಒಂದು ಪುಟ್ಟ ಚೌಕವನ್ನು ಪರದೆಯ ಮೇಲೆ ಅಂಗೈಯಷ್ಟು ದೊಡ್ಡದು ಮಾಡಿ ತೋರಿಸಿದೆ. ಅಕ್ಕೋರು ಮುಖವನ್ನು ಗಾಜಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಈ ಡಬ್ಬಿ ಕೆಟ್ಟರ?"

ಇಂಥ ಪ್ರಶ್ನೆ ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಕಂಪ್ಯೂಟರ್ ಕೆಡುತ್ತದೆ ಎಂದರೆ ಮಂದಿ ನಂಬದ ಕಾಲ ಅದು. ನಾನು ಆಗಷ್ಟೇ ಪುಸ್ತಕ ಓದಿ ಕಲಿತಿದ್ದ ವಿದ್ಯೆಯೊಂದನ್ನು ಹೊರತೆಗೆದೆ. ಒಂದು ಹಾರ್ಡ್ ಡಿಸ್ಕಿನ ಬದಲು ಎರಡು ಹಾಕುವುದು. ಬರೆದದ್ದೆಲ್ಲ ಒಂದೇ ಸಲ ಎರಡರ ಮೇಲೂ ಬೀಳುತ್ತದೆ. ಒಂದು ಸತ್ತರೂ ಇನ್ನೊಂದರಲ್ಲಿ ಎಲ್ಲ ಇದ್ದಂತೆಯೇ ಇರುತ್ತದೆ. ಇದಕ್ಕೆ ಬೇರೆ ಯಂತ್ರ ಬೇಕಿಲ್ಲ, ತಂತ್ರಾಂಶವೇ ಎರಡನ್ನೂ ಜೋಡಿ ಮಾಡುತ್ತದೆ. ಹೀಗೆ ಕಾಲು ಗಂಟೆ ವಿವರಿಸಿದೆ. ಬೋರ್ಡಿನ ಮೇಲೆ ಚಿತ್ರವನ್ನೂ ಬರೆದೆ. ಅಕ್ಕೋರು ಕೇಳಿಸಿಕೊಂಡು ಒಂದೇ ಮಾತು ಅಂದರು. "ಗವಂತಿ ಅನ್ನು."

ಹೌದಲ್ಲ, ಎನಿಸಿತು. ನಾಚಿಕೆಯೂ ಆಯಿತು.

ಅಕ್ಕೋರು ಪಿಂಚಣಿಯ ದುಡ್ಡಿನಲ್ಲಿ ಕಂಪ್ಯೂಟರು ಕೊಂಡು ಧಾರವಾಡದ ತಮ್ಮ ಮನೆಯಲ್ಲೇ ಇಡುವುದೆಂದಾಯಿತು. ಬೇಸಿಗೆಯ ಒಂದು ರವಿವಾರ ಬೆಳಿಗ್ಗೆ ಎರಡು ಡಿಸ್ಕು, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಸೀಡಿಗಳು, ಸ್ಕ್ರೂಡ್ರೈವರು ತೆಗೆದುಕೊಂಡು ಹೋದೆ. ಮುಂದಿನ ಕೋಣೆಯಲ್ಲಿ, ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಮೇಜು ಹಾಕಿ, ಅದರ ಮೇಲೆ ಹೊಸ ಬಟ್ಟೆ ಹಾಸಿಟ್ಟಿದ್ದರು. ಅಕ್ಕೋರು ಪಕ್ಕದಲ್ಲೇ ಚಾಪೆ ಹಾಕಿಕೊಂಡು, ಮೊರದಲ್ಲಿ ಅಕ್ಕಿ ಹರವಿ, ಕಣ್ಣಿನಿಂದಲ್ಲ, ಬೆರಳಿನಿಂದ ಹರಳು ಆರಿಸುತ್ತ ಕೂತರು. ನಾನು ಮಾಡುವ ಪ್ರತಿಯೊಂದಕ್ಕೂ ಲೆಕ್ಕ ಒಪ್ಪಿಸಬೇಕು.

"ಈಗೇನ ಮಾಡಾಕತ್ತಿ?"

"ಎರಡೂ ಡಿಸ್ಕ ಮೂರ ಮೂರ ಪಾಲ ಮಾಡಾಕತ್ತೇನ್ರಿ. ಇದರ ಒಂದನೇ ಪಾಲಿಗೆ ಅದರ ಒಂದನೇ ಪಾಲ ಜೋಡಿ."

"ಪಾಲ ಎರಡೂ ಕಡೆ ಸಮಾ ಅದಾವಿಲ್ಲೋ?"

ನೋಡಿದೆ. ಒಂದು ಕಡೆಯ ಎರಡನೆಯ ಪಾಲು ಸ್ವಲ್ಪ ದೊಡ್ಡದಾಗಿತ್ತು. ಅಳಿಸಿ ಮೊದಲಿನಿಂದ ಮಾಡಿದೆ. ಅಕ್ಕೋರು ತಲೆ ಎತ್ತಲಿಲ್ಲ, ತುಟಿಯ ಅಂಚಿನಲ್ಲಿ ನಗೆ ಇತ್ತು.

ಪಾಲುಗಳು ಜೋಡಿಯಾದವು. ಜೋಡಿಯ ಮೇಲೆ ಲಿನಕ್ಸು ಇಳಿಯತೊಡಗಿತು. ನೀಲಿ ಪಟ್ಟಿ ಪರದೆಯ ಮೇಲೆ ಇರುವೆಯಂತೆ ಹರಿದು ಸಾಗುತ್ತಿತ್ತು. ಸೀಡಿ ಒಂದು ಮುಗಿಯಿತು, ಎರಡು ಹಾಕಿದೆ. ಅಕ್ಕೋರು ಎದ್ದು ಹೋಗಿ ಚುರುಮುರಿ ಸುಸಲಾ ಮಾಡಿಕೊಂಡು ಬಂದರು. ತಿಂದು ಕೈ ಒರೆಸಿಕೊಂಡು ಮತ್ತೆ ಕೂತೆ. ಮೂರನೆಯ ಸೀಡಿಯ ಹೊತ್ತಿಗೆ ಕರೆಂಟು ಹೋಯಿತು. ನಾನು ತಂದಿದ್ದ ಹಳೆಯ ಯೂಪಿಎಸ್ಸು ಪೀ ಪೀ ಎಂದು ಅಳತೊಡಗಿತು. ಅದರ ಆಯುಷ್ಯ ಹತ್ತು ನಿಮಿಷ. ಹನ್ನೊಂದನೆಯ ನಿಮಿಷಕ್ಕೆ ಎಲ್ಲ ಕಪ್ಪಾಯಿತು. ಸಂಜೆ ಹುಬ್ಬಳ್ಳಿಯಲ್ಲಿ ನನ್ನ ವಿಶೇಷ ಕ್ಲಾಸಿತ್ತು. ಕರೆಂಟು ಬಂದದ್ದು ಮೂರು ಗಂಟೆಗೆ. ಮತ್ತೆ ಮೊದಲಿನಿಂದ ಶುರು. ಹಾಗೂ ಹೀಗೂ ಮುಗಿದು, ಪರದೆಯ ಮೇಲೆ ಎರಡು 'ಯು' ಅಕ್ಷರಗಳು ಅಕ್ಕಪಕ್ಕ ಕಾಣಿಸಿಕೊಂಡವು. ಎರಡೂ ಡಿಸ್ಕು ಕ್ಷೇಮ ಎಂದು ಅದರ ಅರ್ಥ.

ಒಂದು ಕೆಲಸ ಉಳಿದಿತ್ತು. ಕಂಪ್ಯೂಟರು ಎಚ್ಚರವಾದಾಗ ಮೊದಲು ಡಿಸ್ಕಿನ ತೀರ ಮೊದಲಲ್ಲಿರುವ ಚೂರು ಜಾಗವನ್ನು ಓದುತ್ತದೆ. ಇಲ್ಲಿಂದ ಶುರು ಮಾಡು ಎಂದು ಹೇಳುವ ಒಂದು ತುಣುಕು ಅಲ್ಲಿರಬೇಕು. ಆ ಜಾಗ ಪಾಲುಗಳ ಹೊರಗಿರುವುದರಿಂದ ಜೋಡಿ ಮಾಡುವ ತಂತ್ರಾಂಶ ಅದನ್ನು ಮುಟ್ಟುವುದಿಲ್ಲ. ಮೊದಲ ಡಿಸ್ಕಿಗೆ ತಾನಾಗಿ ಬೀಳುತ್ತದೆ, ಎರಡನೆಯದಕ್ಕೆ ನಾವೇ ಕೈಯಾರೆ ಹಾಕಬೇಕು. ಹಾಕದಿದ್ದರೆ ಎರಡನೆಯ ಡಿಸ್ಕಿನಲ್ಲಿ ಎಲ್ಲ ಇರುತ್ತದೆ, ಶುರು ಮಾತ್ರ ಇರುವುದಿಲ್ಲ. ನನಗೆ ಇದು ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ವರ್ಷದ ಮೇಲೆ ಅದನ್ನು ಹೇಳುತ್ತ ಕೂಡುತ್ತಿರಲಿಲ್ಲ.

ಗಡಿಯಾರ ನೋಡಿದೆ. ನಾಲ್ಕೂವರೆ. ಮುಂದಿನ ವಾರ ಬಂದು ಹಾಕಿದರಾಯಿತು ಎಂದುಕೊಂಡು ಚೀಲ ಕಟ್ಟಿದೆ.

"ಮುಗೀತ್ರಿ ಅಕ್ಕೋರ."

"ಹಂಗಾರ ತಿರುವಿ ತೋರಸು" ಎಂದರು ಅಕ್ಕೋರು.

"ಅಂದ್ರ?"

"ಮೊದಲನೇದ್ದ ತಗದು, ಬರೇ ಎರಡನೇದ್ದರ ಮ್ಯಾಲ ಚಾಲೂ ಮಾಡಿ ತೋರಸು."

ಪುಸ್ತಕದಲ್ಲಿ ಬರೆದಿದ್ದದ್ದೂ ಅದೇ, ತೆಗೆದು ನೋಡದೆ ನಂಬಬೇಡ ಎಂದು. "ಹಂಗ ಮ್ಯಾಲಿಂದ ಮ್ಯಾಲ ತಗೀಬಾರದ್ರಿ, ಡಿಸ್ಕಿಗೆ ಛಲೋ ಅಲ್ಲ" ಎಂದೆ. ಅಕ್ಕೋರು ನನ್ನ ಮುಖದ ಕಡೆ ನೋಡಿದರು. "ನಿನ್ನ ವಿದ್ಯಾ, ನಿನಗ ಗೊತ್ತು" ಎಂದರು. ಬಸ್ಸಿನಲ್ಲಿ ಕೂತ ಮೇಲೆ, ಅದೇ ಕರವಸ್ತ್ರ, ಅದೇ ಅಸ್ತರ ಎನಿಸಿತು. ನವಲೂರು ದಾಟುವಷ್ಟರಲ್ಲಿ ಮರೆತೂಬಿಟ್ಟೆ.

ಮುಂದಿನ ವಾರ ಹಾಕಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಆಮೇಲೆ, ನಡೆಯುತ್ತಿರುವುದನ್ನು ಮುಟ್ಟಿ ಕೆಡಿಸುವುದೇಕೆ ಎಂಬ ಭಯ ಸೇರಿಕೊಂಡಿತು. ಅಕ್ಕೋರು ಪಕ್ಕದಲ್ಲೇ ಕೂತು "ಈಗೇನ ಮಾಡಾಕತ್ತಿ?" ಎಂದು ಕೇಳುತ್ತಾರಲ್ಲ, ಏನು ಹೇಳಲಿ ಎಂಬ ಭಯ ಅದಕ್ಕಿಂತ ದೊಡ್ಡದು. ಬೇರೆ ಕಡೆ ಪ್ರತಿ ತೆಗೆದಿಡೋಣವೆಂದರೆ ಸೀಡಿ ಬರೆಯುವ ಯಂತ್ರ ನಮ್ಮಲ್ಲಿರಲಿಲ್ಲ, ಫ್ಲಾಪಿಯನ್ನು ನಾನು ನಂಬುತ್ತಿರಲಿಲ್ಲ. ನೆಪಗಳಿಗೆ ನನ್ನಲ್ಲಿ ಎಂದೂ ಬರಗಾಲವಿಲ್ಲ.

ಇತ್ತ ಅಕ್ಕೋರು ಕಂಪ್ಯೂಟರಿಗೆ ಒಂದು ಗವಸಣಿಗೆ ಹೊಲಿದರು. ನಮ್ಮ ಕ್ಲಾಸಿನ ಪ್ಲಾಸ್ಟಿಕ್ ಹೊದಿಕೆಗಳನ್ನು ನೋಡಿ ಮರುಗಿದ್ದರಂತೆ. ಅರವತ್ತು ದಾಟಿದ ಮೇಲೆ ಮೌಸು ಹಿಡಿಯುವುದನ್ನು ಕಲಿತರು. ಮೊದಮೊದಲು ಅದು ಮೇಜಿನಿಂದ ಕೆಳಗೆ ಹೋಗುವವರೆಗೂ ಎಳೆಯುತ್ತಿದ್ದರು. ಒಂದು ಸಲ ನವಿಲೊಂದನ್ನು ಅಳಿಸಿಬಿಟ್ಟು, "ಹೋಗಲಿ, ಎರಡನೇ ಡಿಸ್ಕಿನ್ಯಾಗಿಂದು ತಗೀ" ಎಂದರು. ಅಲ್ಲಿಯೂ ಅದೇ ಗಳಿಗೆಗೆ ಅಳಿದಿರುತ್ತದೆ ಎಂದಾಗ ಅವರಿಗೆ ಸಿಟ್ಟೇ ಬಂತು. ತಪ್ಪನ್ನೂ ಹೀಗೆ ಚಾಚೂ ತಪ್ಪದೆ ನಕಲು ಮಾಡುವುದೆಂದರೆ ಅದೆಂಥ ವಿದ್ಯೆ ಎಂದು ಗೊಣಗುತ್ತ ನವಿಲನ್ನು ಮತ್ತೆ ಬರೆದರು. ಹೀಗೆ ಒಂದೂವರೆ ವರ್ಷ. ಆನೆ ಅಂಬಾರಿ, ಗೋಪುರ, ಶಂಖ, ಕಮಲ, ಹೆಸರೇ ಇಲ್ಲದ ಎಷ್ಟೋ ಬಳ್ಳಿಗಳು. ರವಿವಾರ ನಾನು ಹೋದಾಗ ಹೊಸದಾಗಿ ಬರೆದದ್ದನ್ನು ತೋರಿಸುತ್ತಿದ್ದರು. ದಿನ ಹೋದಂತೆ ಚೌಕ ದೊಡ್ಡದಾಗುತ್ತ ಬಂತು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂತು. ಕೊನೆಗೊಂದು ಎರಡು ತಿಂಗಳು ಹೊಸದೇನನ್ನೂ ತೋರಿಸಲಿಲ್ಲ. ನಾನು ಕಂಡೂ ಕೇಳಲಿಲ್ಲ. ಕೇಳಿದರೆ ಹೇಳುವವರೂ ಅಲ್ಲ.

ಒಂದು ದಿನ ಬೆಳಿಗ್ಗೆ ಕ್ಲಾಸಿಗೆ ಫೋನು ಬಂತು. "ಸುಮಾ, ಡಬ್ಬಿ ಕಟ ಕಟ ಅನ್ನಾಕತ್ತೈತಿ. ಬಂದ ಮಾಡಿ ಚಾಲೂ ಮಾಡಿದೆ. ಬರವಲ್ದು" ಎಂದರು ಅಕ್ಕೋರು.

ಹೋದೆ. ಮೊದಲ ಡಿಸ್ಕು ಸತ್ತಿತ್ತು. ಅದನ್ನು ಬಿಚ್ಚಿ ತೆಗೆದು ಎರಡನೆಯದನ್ನು ಅದರ ಜಾಗಕ್ಕೆ ಹಾಕಿ ಚಾಲೂ ಮಾಡಿದೆ. ಕಪ್ಪು ಪರದೆ. ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತ ನಿಂತಿತು. ಅಷ್ಟೇ.

"ಎಲ್ಲಾ ಹೋತೇನ?"

ಹೋಗಿರಲಾರದು ಎಂದು ನನ್ನ ಓದು ಹೇಳುತ್ತಿತ್ತು. ಆದರೆ ನಾನು ತೆಗೆದು ನೋಡಿದವಳೇ ಅಲ್ಲವಲ್ಲ, ಯಾವ ಬಾಯಿಂದ ಇದೆ ಎನ್ನಲಿ? ಬೇಕಾದ ಸೀಡಿ ಹುಬ್ಬಳ್ಳಿಯಲ್ಲಿತ್ತು. ಡಿಸ್ಕಿನ ದೋಷ ಎಂದು ಹೇಳಿ ಹೊರಟುಬಿಡಬಹುದಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಬಾಗಿಲ ತನಕ ಹೋದವಳು ಹಿಂದಕ್ಕೆ ಬಂದು ನೆಲದ ಮೇಲೆ ಕೂತೆ.

"ಅಕ್ಕೋರ, ಅವತ್ತ ನಾ ಸುಳ್ಳ ಹೇಳಿದ್ದೆ. ಎರಡನೇದ್ದಕ್ಕ ಶುರುವಾತಿನ ತುಣುಕ ಹಾಕಿದ್ದಿಲ್ಲ. ತೆಗದು ತೋರಸಿದ್ರ ಅವತ್ತ ಗೊತ್ತಾಗತಿತ್ತು."

ಬಿಚ್ಚು ಎಂದಾದರೂ ಅನ್ನಲಿ ಎಂದು ಕಾದೆ.

"ನಾ ಕಸೂತಿ ಎಲ್ಲಿ ಕಲತೆ ಗೊತ್ತೈತೇನು?" ಎಂದರು. "ನಮ್ಮ ಓಣಿಗೆ ಹತ್ತಿ ಒಂದ ದೊಡ್ಡ ವಾಡೇದ ಮನಿ ಇತ್ತು. ಒಳಗ ಹೋಗಾಕ ನಮ್ಮ ಮಂದಿಗೆ ಬಿಡತಿದ್ದಿಲ್ಲ. ಹಿತ್ತಲದಾಗ ಅವರು ಸೀರಿ ಒಣಾ ಹಾಕತಿದ್ರು. ಸೆರಗಿನ ಒಳಮೈ ಓಣಿ ಕಡೆ ಬರತಿತ್ತು. ನಾ ಎಂಟ ವರ್ಷದಾಕಿ. ಗಿಡ್ಡ ಗ್ವಾಡಿಗೆ ನಿಂತು ಒಂದೊಂದ ಹೊಲಿಗಿ ಎಣಿಸಿ ಎಣಿಸಿ, ಮನಿಗೆ ಬಂದು ಗೋಣಿಚೀಲದ ಮ್ಯಾಲ ಹಾಕತಿದ್ದೆ. ಆ ಸೀರಿ ಹೊಲದಾಕಿ ಯಾರೋ ಏನೋ. ಒಳಮೈಯಾಗ ಯಾರ ನೋಡತಾರ ಅಂತ ಆಕಿ 'ಇರಲಿ ಬಿಡು' ಅಂದಿದ್ರ, ನನಗ ಈ ವಿದ್ಯಾ ಎಲ್ಲಿಂದ ಸಿಗತಿತ್ತು? ಹಿಂದ ಒಂದ ಹುಡುಗಿ ನಿಂತಾಳ ಅಂತ ಆಕಿಗೆ ಗೊತ್ತಽ ಇದ್ದಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕೋರೇ ನನ್ನ ಭುಜ ತಟ್ಟಿದರು. "ಏಳು. ಲಗೂ ಹೋಗಿ ಅದೇನೋ ಸೀಡಿ ತಗೊಂಡು ಬಾ."

ಹುಬ್ಬಳ್ಳಿಗೆ ಹೋಗಿ ಬರಲು ಎರಡೂವರೆ ಗಂಟೆ ಬೇಕಾಯಿತು. ಬಸ್ಸು ಅಷ್ಟು ನಿಧಾನವಾಗಿ ಓಡಿದ್ದನ್ನು ನಾನು ಕಾಣೆ. ಸೀಡಿ ಹಾಕಿ, ಅದರ ಸಹಾಯದಿಂದ ಎರಡನೆಯ ಡಿಸ್ಕನ್ನು ತೆರೆದು, ಅದರ ತೀರ ಮೊದಲ ಜಾಗಕ್ಕೆ ಆ ತುಣುಕನ್ನು ಬರೆದೆ. ಐದು ನಿಮಿಷದ ಕೆಲಸ. ಒಂದೂವರೆ ವರ್ಷ ನಾನು ಮುಂದೂಡಿದ್ದು ಈ ಐದು ನಿಮಿಷವನ್ನು. ಸೀಡಿ ಹೊರತೆಗೆದು ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಅಕ್ಷರಗಳು ಓಡಿದವು, ಬಣ್ಣ ಬಂತು, ಕಡತ ತೆರೆಯಿತು. ಆನೆ, ಗೋಪುರ, ನವಿಲು, ಎಲ್ಲ ಸಾಲಾಗಿ ಬಂದು ನಿಂತವು. ಒಂದೂ ಹೋಗಿರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಕ್ಕೋರ ಕಡೆ ತಿರುಗಿದೆ. ಅವರು ಪರದೆಯ ಎದುರಿಗೇ ಕೂತಿದ್ದರು.

"ಬಂತೇನ?" ಎಂದು ಕೇಳಿದರು.

ಬಂತ್ರಿ ಎಂದೆ. ಎಂದಿನಿಂದ ಹೀಗೆ ಎಂದು ಕೇಳಿದೆ.

"ಎರಡ ತಿಂಗಳಾತು. ನೆಳ್ಳ ಕಾಣಸ್ತೈತಿ, ಗೆರಿ ಕಾಣಂಗಿಲ್ಲ. ಹೇಳಿದ್ರ ನೀ ಎಲ್ಲಾ ಬಿಟ್ಟು ಇಲ್ಲೇ ಬಂದು ಕೂಡ್ರತಿದ್ದಿ. ನಾನೂ ಒಂದ ಗಂಟ ಮುಚ್ಚಿ ಇಟ್ಟಿದ್ನವಾ" ಎಂದು ನಕ್ಕರು. ನಗುವಾಗ ಅವರ ಕಣ್ಣು ಪರದೆಯ ಮೇಲೂ ಇರಲಿಲ್ಲ, ನನ್ನ ಮೇಲೂ ಇರಲಿಲ್ಲ. ನಾನು ಅತ್ತೆ. ಅತ್ತೆ ಎಂದು ಹೇಳಿಕೊಳ್ಳಲು ಈಗೇನೂ ಸಂಕೋಚವಿಲ್ಲ.

ಮುಂದಿನ ವಾರ ಹೊಸ ಡಿಸ್ಕು ತಂದು ಜೋಡಿ ಮಾಡಿದೆ, ಎರಡಕ್ಕೂ ತುಣುಕು ಹಾಕಿದೆ, ಒಂದೊಂದನ್ನೇ ತೆಗೆದು ಚಾಲೂ ಮಾಡಿ ನೋಡಿದೆ. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅಕ್ಕೋರ ಮನಸ್ಸಿನಲ್ಲಿ ಬೇರೆಯದೇ ಇತ್ತು. ಕೊನೆಯದಾಗಿ ಬರೆಯುತ್ತಿದ್ದ ತೊಟ್ಟಿಲು ಅರ್ಧಕ್ಕೆ ನಿಂತಿತ್ತು. ಮೇಲಿನ ತೊಲೆ, ಎಡಗಡೆಯ ಸರಪಳಿ ಆಗಿದ್ದವು. ತೊಟ್ಟಿಲೂ ಬಲಗಡೆಯ ಸರಪಳಿಯೂ ಬಾಕಿ. ತಲೆಯಲ್ಲಿ ಇದ್ದದ್ದರಲ್ಲಿ ಅದೊಂದೇ ಇಳಿಯದೆ ಉಳಿದಿತ್ತು.

"ನೀವು ಹೇಳ್ರಿ, ನಾ ಬರೀತೇನಿ" ಎಂದೆ.

"ಬಾಯಿಲೆ ಹೇಳಾಕ ಬರಂಗಿಲ್ಲವಾ ಅದು. ಕೈಗೆ ಗೊತ್ತೈತಿ."

ಹೊಸಬರಿಗೆ ಕಲಿಸಲು ಇಟ್ಟಿದ್ದ ದಪ್ಪ ಎಳೆಯ ಬಟ್ಟೆ ತಂದರು. ಅದರಲ್ಲಿ ಎಳೆಗಳ ನಡುವಿನ ತೂತು ಉಗುರಿಗೆ ಸಿಗುತ್ತದೆ. ದಾರ ಪೋಣಿಸಿ ಕೊಟ್ಟೆ. ಅಕ್ಕೋರು ಬಟ್ಟೆಯ ಮೇಲೆ ಉಗುರು ಆಡಿಸಿದರು, ಸೂಜಿ ಊರಿದರು, ತೆಗೆದರು. ಮತ್ತೆ ಊರಿದರು, ತೆಗೆದರು. "ಎಲ್ಲಿಂದ ಹೊಂಡಬೇಕು ಅನ್ನೂದ ಸಿಗವಲ್ದು ನೋಡು" ಎಂದು ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿದರು. "ನೀ ಶುರು ಮಾಡಿ ಕೊಡು. ಮುಂದ ನಾ ಹೋಗತೇನಿ."

ಕ್ಲಾಸಿನಲ್ಲಿ ಇಪ್ಪತ್ತೆಂಟು ಹುಡುಗಿಯರಿದ್ದೆವು. ಅಷ್ಟರಲ್ಲಿ ಈ ಕೆಲಸ ಬಂದದ್ದು ನನಗೆ. ಪರದೆ ನೋಡುತ್ತ, ಎಳೆ ಎಣಿಸುತ್ತ, ಬೆವರುತ್ತ, ಗಂಟು ಹಾಕದೆ ದಾರದ ಬಾಲ ಹಿಡಿದುಕೊಂಡು ತೊಲೆ ಹೊಲಿದೆ, ಎಡ ಸರಪಳಿ ಇಳಿಸಿದೆ. ಒಂದು ತಾಸು ಹಿಡಿಯಿತು. ಅಕ್ಕೋರು ಬಟ್ಟೆ ತೆಗೆದುಕೊಂಡು ಸರಪಳಿಯ ಗುಂಟ ಉಗುರು ಇಳಿಸಿದರು.

"ಹನ್ನೊಂದು" ಎಂದರು. "ಹನ್ನೆರಡ ಹೊಲಿಗಿ ಇರಬೇಕಿತ್ತು."

ಪರದೆ ನೋಡಿದೆ. ಹನ್ನೆರಡೇ ಇತ್ತು. "ತಾಳ್ರಿ, ಬಿಚ್ಚತೇನಿ" ಎಂದು ಕತ್ತರಿಗೆ ಕೈ ಹಾಕಿದೆ.

"ಬ್ಯಾಡ, ಇರಲಿ. ತೂಗೂ ತೊಟ್ಟಿಲಾ ಒಂದ ಬಾಜೂ ಏರೇ ಇರತೈತಿ."

ಅಲ್ಲಿಂದ ಅವರ ಬೆರಳು ಹೊರಟಿತು. ಎಲ್ಲಿಯೂ ತಡವರಿಸಲಿಲ್ಲ. ಎಡಕ್ಕೆ ಒಂದು ಹೊಲಿಗೆ ಏರಿದ ತೊಟ್ಟಿಲನ್ನು, ಆ ಏರಿಗೆ ತಕ್ಕಂತೆ ವಾಲಿಸಿ, ಬಲಗಡೆ ಹನ್ನೆರಡು ಹೊಲಿಗೆಯ ಸರಪಳಿಗೆ ತಂದು ಸೇರಿಸಿದರು. ಅವರು ಒಂದೊಂದು ಸಾಲು ಮುಗಿಸಿದಂತೆ ನಾನು ಬಟ್ಟೆ ನೋಡಿ ಕಂಪ್ಯೂಟರಿನಲ್ಲಿ ಬರೆಯುತ್ತ ಹೋದೆ. ಕಂಪ್ಯೂಟರಿನಲ್ಲಿದ್ದ ಸರಿಯಾದ ಸರಪಳಿಯಿಂದ ಒಂದು ಗೆರೆ ಅಳಿಸಿದೆ. ಡಿಸ್ಕು ಹೇಳಿದ್ದಕ್ಕಿಂತ ಅಕ್ಕೋರ ಕೈ ಹೇಳಿದ್ದೇ ನನಗೆ ಖರೆ ಎನಿಸಿತು.

ಅಕ್ಕೋರು ಈಗಿಲ್ಲ. ಕಂಪ್ಯೂಟರಿನಿಂದ ಮುದ್ರಿಸಿ ಹಂಚಿದ ಅವರ ಚಿತ್ತಾರಗಳು ಊರೆಲ್ಲ ಹರಡಿವೆ. ಹೋದ ವರ್ಷ ಧಾರವಾಡದಲ್ಲಿ ಕೈಕಸುಬಿನ ಮಳಿಗೆಯೊಂದರಲ್ಲಿ ಚಿಕ್ಕ ಹುಡುಗಿಯೊಬ್ಬಳು ಕಸೂತಿಯ ಕುಂಚಿಗೆಗಳನ್ನು ಮಾರುತ್ತಿದ್ದಳು, ಕೂಸುಗಳಿಗೆ ತಲೆಯಿಂದ ಬೆನ್ನಿನವರೆಗೆ ಹೊದಿಸುವಂಥವು. ಒಂದರ ಮೇಲೆ ತೊಟ್ಟಿಲಿತ್ತು. ಎಡ ಸರಪಳಿ ಎಣಿಸಿದೆ, ಬಲ ಸರಪಳಿ ಎಣಿಸಿದೆ.

"ಒಂದ ಹೊಲಿಗಿ ಕಮ್ಮಿ ಐತೇನವಾ ಇಲ್ಲೆ?" ಎಂದು ಕೇಳಿದೆ.

ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. "ಅದು ಹಂಗಽ ಇರಬೇಕ್ರಿ ಅಕ್ಕಾರ. ಮೊದಲಿಂದ ಬಂದ ಪದ್ಧತಿ" ಎಂದು ತಿಳಿಸಿ ಹೇಳಿದಳು.

"ಹೌದೇನವಾ" ಎಂದೆ. ಎರಡು ಕುಂಚಿಗೆ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಆಗ ಯಾವ ಕೂಸೂ ಇರಲಿಲ್ಲ.